ಖಾಲಿ ನೆಲದ ಮೇಲೆ ಒಂದು ಊರು: ನಗರ ಕಟ್ಟುವ ಆಟಗಳ ಸೆಳೆತ

ಖಾಲಿ ನೆಲ, ಒಂದು ಹೊಳೆ, ಅಂಚಿನಲ್ಲಿ ಹಾದುಹೋಗುವ ಹೆದ್ದಾರಿ, ಕೈಯಲ್ಲಿ ಸ್ವಲ್ಪ ದುಡ್ಡು: ನಗರ ಕಟ್ಟುವ ವಿಡಿಯೋ ಗೇಮ್‌ಗಳು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತವೆ. ಆಡುವವರು ಮೊದಲು ಹೆದ್ದಾರಿಯಿಂದ ಒಂದು ರಸ್ತೆ ಎಳೆಯುತ್ತಾರೆ. ರಸ್ತೆಯ ಎರಡೂ ಬದಿಯಲ್ಲಿ ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ಬಣ್ಣ ಹಚ್ಚಿ ಜಾಗ ಗುರುತಿಸುತ್ತಾರೆ. ನೀರು, ಕರೆಂಟು ಕೊಡುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಗಾಡಿಗಳು ಬರತೊಡಗುತ್ತವೆ, ಮನೆಗಳು ಏಳುತ್ತವೆ, ತೆರಿಗೆ ಕೂಡುತ್ತದೆ. ಆ ತೆರಿಗೆಯಲ್ಲಿ ಶಾಲೆ, ಆಸ್ಪತ್ರೆ, ಬಸ್ಸು. ಹೊಡೆಯಬೇಕಾದ ವೈರಿ ಇಲ್ಲ, ಮುಟ್ಟಬೇಕಾದ ಗುರಿಗೆರೆಯೂ ಇಲ್ಲ. ಚರಂಡಿ, ಕಸ, ತೆರಿಗೆ, ಟ್ರಾಫಿಕ್ಕು ಎಂದರೆ ಜನ ದಿನವೂ ಗೊಣಗುವ ವಿಷಯಗಳು. ಪುರಸಭೆಯ ಆ ದುಡಿಮೆಯನ್ನೇ ರಾತ್ರಿ ಕುಳಿತು ನಾಲ್ಕು ಗಂಟೆ ಖುಷಿಯಿಂದ ಮಾಡುವಂತೆ ಮಾಡುವ ಶಕ್ತಿ ಈ ಆಟಗಳಿಗೆ ಎಲ್ಲಿಂದ ಬಂತು ಎಂಬುದು ಕೇಳಬೇಕಾದ ಪ್ರಶ್ನೆ.

ಈ ಬಗೆಯ ಆಟದ ಮೊದಲ ಬೀಜ ಬಿದ್ದದ್ದು ಒಂದು ಶಾಲೆಗಾಗಿ. 1964ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಶಿಕ್ಷಕಿ ಮೇಬಲ್ ಆಡಿಸ್, ಐಬಿಎಂ ಸಂಸ್ಥೆಯವರ ಜೊತೆಗೂಡಿ ಆರನೇ ತರಗತಿಯ ಮಕ್ಕಳಿಗಾಗಿ 'ದಿ ಸುಮೇರಿಯನ್ ಗೇಮ್' ರೂಪಿಸಿದರು. ಅದಕ್ಕೆ ಕಂಪ್ಯೂಟರಿನ ಪರದೆ ಇರಲಿಲ್ಲ. ದೊಡ್ಡ ಕಂಪ್ಯೂಟರು ಪ್ರಶ್ನೆಯನ್ನು ಕಾಗದದ ಮೇಲೆ ಅಚ್ಚು ಹೊಡೆಯುತ್ತಿತ್ತು. ಪ್ರಾಚೀನ ಲಗಾಶ್ ನಗರದ ಅರಸನ ಜಾಗದಲ್ಲಿ ಕುಳಿತ ಮಗು ಈ ವರ್ಷದ ಬೆಳೆಯಲ್ಲಿ ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕಣಜಕ್ಕೆಷ್ಟು ಎಂದು ಹೇಳಬೇಕಿತ್ತು. ರಾಗಿಯನ್ನು ಹಗೇವಿನಲ್ಲಿ ಇಳಿಸಿಡುತ್ತಿದ್ದ ಹಳೇ ಮೈಸೂರಿನ ಒಕ್ಕಲು ಮನೆಗಳಲ್ಲಿ ಪ್ರತಿ ಸುಗ್ಗಿಗೂ ಎದುರಾಗುತ್ತಿದ್ದ ಲೆಕ್ಕವೇ ಅದು. ಕಣಜಕ್ಕೆ ಹೆಚ್ಚು ಹಾಕಿದರೆ ಈ ವರ್ಷ ಹೊಟ್ಟೆಗೆ ಕಡಿಮೆ. ಬಿತ್ತನೆಗೆ ಕಡಿಮೆ ಉಳಿಸಿದರೆ ಮುಂದಿನ ವರ್ಷ ಕಷ್ಟ. ಇಂದಿನ ನಿರ್ವಹಣೆಯ ಆಟಗಳಿಗೆಲ್ಲ ಈ ಲೆಕ್ಕವೇ ಬೆನ್ನೆಲುಬು. 1981ರಲ್ಲಿ ಡಾನ್ ಡಾಗ್ಲೋ ರೂಪಿಸಿದ 'ಯುಟೋಪಿಯಾ' ಅದನ್ನು ಟಿವಿ ಪರದೆಗೆ ತಂದಿತು.

ನಗರವೇ ಆಟವಾದದ್ದು ವಿಲ್ ರೈಟ್ ಅವರಿಂದ. 1984ರಲ್ಲಿ ಅವರು ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ 'ರೇಡ್ ಆನ್ ಬಂಗೆಲಿಂಗ್ ಬೇ' ಎಂಬ ಆಟ ಮಾಡಿದ್ದರು. ಆ ದ್ವೀಪಗಳನ್ನು ಬಿಡಿಸಲು ತಾವೇ ಬರೆದುಕೊಂಡ ಪುಟ್ಟ ಸಾಧನದಲ್ಲಿ ರಸ್ತೆ, ಕಟ್ಟಡ ಜೋಡಿಸುತ್ತಾ ಕೂರುವುದು ಬಾಂಬು ಹಾಕುವುದಕ್ಕಿಂತ ಹಿತ ಅನ್ನಿಸಿತು. ಅಲ್ಲಿಂದ ಅವರು ನಗರ ಯೋಜನೆಯ ಪುಸ್ತಕಗಳನ್ನು ಹುಡುಕಿಕೊಂಡು ಹೋದರು. ಮುಖ್ಯವಾಗಿ ಸಿಕ್ಕಿದ್ದು ಎಂಐಟಿಯ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ 'ಅರ್ಬನ್ ಡೈನಾಮಿಕ್ಸ್': ಜನ, ಮನೆ, ಉದ್ಯೋಗಗಳು ಒಂದನ್ನೊಂದು ಹಿಗ್ಗಿಸುತ್ತಾ ಕುಗ್ಗಿಸುತ್ತಾ ಹೋಗುವುದನ್ನು ಕಂಪ್ಯೂಟರಿನ ಸಮೀಕರಣಗಳಲ್ಲಿ ಹಿಡಿಯಲೆತ್ನಿಸಿದ ಕೃತಿ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಬರೆದ, ಪೆಟ್ಟಿಗೆಯೊಳಗಿನ ಪುಟ್ಟ ರಾಜ್ಯವೊಂದರ ಕಥೆಯೂ ಅವರ ಮನಸ್ಸಿನಲ್ಲಿತ್ತು. ಆಟ ತಯಾರಾದಾಗ ಪ್ರಕಾಶಕರು ಹಿಂಜರಿದರು. ಗೆಲುವೂ ಇಲ್ಲದ ಸೋಲೂ ಇಲ್ಲದ ಆಟವನ್ನು ಕೊಳ್ಳುವವರು ಯಾರು ಎಂಬುದು ಅವರ ಅನುಮಾನ. ಕೊನೆಗೆ ಜೆಫ್ ಬ್ರೌನ್ ಜೊತೆ ಸೇರಿ ಕಟ್ಟಿದ ಮ್ಯಾಕ್ಸಿಸ್ ಸಂಸ್ಥೆಯಿಂದ 1989ರಲ್ಲಿ 'ಸಿಮ್‌ಸಿಟಿ' ಹೊರಬಂತು. ರೈಟ್ ಅದನ್ನು ಆಟಿಕೆ ಎಂದೇ ಕರೆಯುತ್ತಿದ್ದರು. ಆಟಕ್ಕೆ ಕೊನೆ ಇರುತ್ತದೆ. ಆಟಿಕೆಯನ್ನು ಬೇಕೆಂದಾಗ ಎತ್ತಿಕೊಳ್ಳಬಹುದು, ಬೇಡವೆಂದಾಗ ಇಟ್ಟುಬಿಡಬಹುದು.

ಆಟಿಕೆ ಎಂಬ ಆ ಮಾತನ್ನು ಮೈಸೂರು ಸೀಮೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆ, ದೇವರು, ದಸರಾ ಮೆರವಣಿಗೆ ದೊಡ್ಡವರ ಪಾಲು. ಮೆಟ್ಟಿಲ ಕೆಳಗಿನ ನೆಲ ಮಕ್ಕಳ ಪಾಲು. ವಾರಕ್ಕೆ ಮುಂಚೆ ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಅದು ಪಾರ್ಕು. ಕನ್ನಡಿ ಇಟ್ಟು ಅಂಚಿಗೆ ಮರಳು ಸುರಿದರೆ ಕೆರೆ. ಸುತ್ತ ರೈಲು ಹಳಿ, ಒಂದು ಮೂಲೆಯಲ್ಲಿ ಮೃಗಾಲಯ, ಇನ್ನೊಂದರಲ್ಲಿ ಸಂತೆ. ಬಾವಿಯನ್ನು ದೇವಸ್ಥಾನದ ಪಕ್ಕಕ್ಕೆ ಸರಿಸಬೇಕೋ, ಶೆಟ್ಟರ ಅಂಗಡಿಯ ಪಕ್ಕಕ್ಕೋ ಎಂದು ಅಕ್ಕತಮ್ಮಂದಿರು ಜಗಳವಾಡುತ್ತಾರೆ. ಹತ್ತು ದಿನ ಆ ಊರು ಬೆಳೆಯುತ್ತದೆ, ರಾಗಿಪೈರೂ ಉದ್ದವಾಗುತ್ತದೆ, ಆಮೇಲೆ ಎಲ್ಲವೂ ಪೆಟ್ಟಿಗೆ ಸೇರುತ್ತದೆ. ಹೊಳೆ ದಂಡೆಯಲ್ಲಿ ಪಾದದ ಮೇಲೆ ಹಸಿ ಮರಳು ತಟ್ಟಿ ಮೆಲ್ಲಗೆ ಕಾಲೆಳೆದು ಗುಬ್ಬಚ್ಚಿ ಗೂಡು ಮಾಡುವ ಮಗುವಿನ ಸಂತೋಷವೂ ಇದೇ ಜಾತಿಯದು. ಸಣ್ಣದಾಗಿ ಕಟ್ಟಿ, ಮೇಲಿನಿಂದ ಇಡಿಯಾಗಿ ನೋಡುವ ಆಸೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಕಂಪ್ಯೂಟರು ಸೇರಿಸಿದ್ದು ಒಂದೇ ಸಂಗತಿ: ಕಟ್ಟಿದ ಗೊಂಬೆಯೂರು ತಾನಾಗಿ ನಡೆಯತೊಡಗಿತು.

ಆ ನಡೆ ಹೇಗಿರುತ್ತದೆ ಎಂಬುದಕ್ಕೆ ಈಗಿನ ಅತ್ಯಂತ ಹೆಸರಾದ ಆಟವನ್ನೇ ನೋಡಬಹುದು. ಫಿನ್‌ಲೆಂಡಿನ ಟಂಪೆರೆ ನಗರದ ಕಲಾಸಲ್ ಆರ್ಡರ್ ಎಂಬ ಸಣ್ಣ ಸಂಸ್ಥೆ ತಯಾರಿಸಿದ 'ಸಿಟೀಸ್: ಸ್ಕೈಲೈನ್ಸ್' ಮಾರ್ಚ್ 2015ರಲ್ಲಿ ಬಂತು. 2013ರ 'ಸಿಮ್‌ಸಿಟಿ' ಇಂಟರ್‌ನೆಟ್ ಇಲ್ಲದೆ ನಡೆಯದು ಎಂಬ ಷರತ್ತಿನಿಂದಲೂ ಚಿಕ್ಕ ಚಿಕ್ಕ ನೆಲದಿಂದಲೂ ಅಭಿಮಾನಿಗಳನ್ನು ನಿರಾಸೆಗೊಳಿಸಿದ ಹೊತ್ತು ಅದು. ಹೊಸ ಆಟದಲ್ಲಿ ಸುಮಾರು 2 ಕಿ.ಮೀ. ಉದ್ದಗಲದ ತುಂಡು ನೆಲದಿಂದ ಶುರುಮಾಡಿ ಅಕ್ಕಪಕ್ಕದ ತುಂಡುಗಳನ್ನು ಕೊಳ್ಳುತ್ತಾ ಹೋಗಬಹುದು. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೆ ಓಡುವಂತೆ ಶುರುವಿನಲ್ಲೇ ಆರಿಸಿಕೊಳ್ಳಬಹುದು. ಜೊತೆಗೆ ಭೂಮಿಯ ನಿಜವಾದ ಎತ್ತರತಗ್ಗುಗಳ ನಕ್ಷೆಯನ್ನು, ಸುಮಾರು 18 ಕಿ.ಮೀ. ಚೌಕದಷ್ಟು, ಆಟದೊಳಕ್ಕೆ ತಂದುಕೊಳ್ಳಬಹುದು.

ಆ ಚೌಕದ ನಡುವೆ ನಂಜನಗೂಡು ತಾಲ್ಲೂಕಿನ ತಾಂಡವಪುರವನ್ನು ಇಟ್ಟರೆ ಆಟಕ್ಕೆ ಬೇಕಾದುದೆಲ್ಲ ಸಿಗುತ್ತದೆ. ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿ, ಅದರ ಒತ್ತಿಗೇ ಚಾಮರಾಜನಗರದ ರೈಲು ದಾರಿ, ಉತ್ತರಕ್ಕೆ ಕಡಕೊಳ, ದಕ್ಷಿಣಕ್ಕೆ ನಂಜನಗೂಡು, ಅಲ್ಲಿ ಕಬಿನಿ. ನಡುವೆ ತಾಂಡ್ಯ ಕೈಗಾರಿಕಾ ಪ್ರದೇಶ. ಆಡುವವರು ಹೆದ್ದಾರಿಯಿಂದ ರಸ್ತೆ ತೆಗೆದು, ಹೊಳೆ ದಂಡೆಯಲ್ಲಿ ಪಂಪು ಇಟ್ಟು, ಕೊಳಚೆ ಬಿಡುವ ಕೊಳವೆಯನ್ನೂ ಹೊಳೆಗೇ ಇಳಿಸುತ್ತಾರೆ. ಇಲ್ಲೇ ಹೊಸಬರೆಲ್ಲ ಎಡವುವುದು. ಆಟದ ಹೊಳೆಗೆ ಹರಿವಿನ ದಿಕ್ಕಿದೆ. ಕೊಳಚೆ ಕೊಳವೆ ಮೇಲ್ಗಡೆ, ಪಂಪು ಕೆಳಗಡೆ ಬಿದ್ದರೆ ಕಂದು ಬಣ್ಣ ನೀರಿನಲ್ಲಿ ಮೆಲ್ಲಗೆ ಹಬ್ಬುತ್ತಾ ಬಂದು ಪಂಪನ್ನು ಮುಟ್ಟುತ್ತದೆ. ಮನೆಗಳ ಮೇಲೆ ಒಂದೊಂದಾಗಿ ಕಾಯಿಲೆಯ ಗುರುತು ಮೂಡುತ್ತದೆ. ಆಂಬುಲೆನ್ಸುಗಳು ರಸ್ತೆ ತುಂಬುತ್ತವೆ, ಆ ದಟ್ಟಣೆಯಲ್ಲಿ ಕಾರ್ಖಾನೆಯ ಲಾರಿ ಸಿಕ್ಕಿಕೊಳ್ಳುತ್ತದೆ, ಸರಕು ಸಿಗದ ಅಂಗಡಿ ಬಾಗಿಲು ಹಾಕುತ್ತದೆ, ತೆರಿಗೆ ಇಳಿಯುತ್ತದೆ. ಆಡುವವರು ಆಟ ನಿಲ್ಲಿಸಿ, ಹರಿವಿನ ಬಾಣಗುರುತು ನೋಡಿ, ಪಂಪನ್ನು ಎತ್ತಿ ಮೇಲ್ಗಡೆಗೆ ಇಡುತ್ತಾರೆ. ಗುರುತುಗಳು ಒಂದೊಂದಾಗಿ ಮಾಯವಾಗುತ್ತವೆ.

ಈ ಆಟಗಳ ಸೆಳೆತದ ತಿರುಳು ಇರುವುದು ಆ ಕ್ಷಣದಲ್ಲಿ. ಇವು ಅರಸನಾಗುವ ಬಯಕೆಯನ್ನು ತಣಿಸುತ್ತವೆ ಎಂಬ ವಿವರಣೆ ಬಹಳ ಕಾಲದಿಂದ ಇದೆ. ಆದರೆ ಅಷ್ಟೇ ಆಗಿದ್ದರೆ ಆಡುವವರು ತಪ್ಪಿಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಸಿಗುವುದು ಅಧಿಕಾರಕ್ಕಿಂತ ಅಪರೂಪವಾದ ಒಂದು ಸುಖ: ಮಾಡಿದ್ದರ ಫಲ ಕಣ್ಣೆದುರೇ ಕಾಣುವುದು. ನಿಜವಾದ ಊರಿನಲ್ಲಿ ಕೊಳವೆ ನೆಲದೊಳಗಿರುತ್ತದೆ, ತೀರ್ಮಾನ ಕಡತದೊಳಗಿರುತ್ತದೆ. ಒಂದು ಬೀದಿಗೆ ಚರಂಡಿ ಕೇಳಿ ಅರ್ಜಿ ಕೊಟ್ಟವರಿಗೆ ಅದು ಎಲ್ಲಿ ನಿಂತಿತು ಎಂಬುದೂ ತಿಳಿಯುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಕಬಿನಿಯ ನಂಜನಗೂಡು–ಹೆಜ್ಜಿಗೆ ಭಾಗವೂ ಸೇರಿತ್ತು. ನೀರಿನ ಆ ಬದಲಾವಣೆ ದಂಡೆಯಲ್ಲಿ ನಿಂತ ಕಣ್ಣಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ, ಯಾವ ಕೊಳವೆಯಿಂದ ಬಂತೆಂದು ಯಾರೂ ಬಾಣಗುರುತು ಹಾಕಿ ತೋರಿಸುವುದೂ ಇಲ್ಲ. ಆಟ ಒಂದು ಗುಂಡಿ ಒತ್ತಿದರೆ ನೆಲದಡಿಯ ಜಾಲವನ್ನೆಲ್ಲ ತೋರಿಸುತ್ತದೆ. ಊರಿನಲ್ಲಿ ವಾಸಿಸುವವರಿಗೆ ಊರು ಅರ್ಥವಾಗುವಂತಿರಬೇಕು ಎಂಬ ನ್ಯಾಯವಾದ ಹಸಿವನ್ನು ಅದು ತೀರಿಸುತ್ತದೆ.

ಎರಡನೆಯ ಸೆಳೆತ ಅಳತೆಯದು. ಸಮಸ್ಯೆಗಳು ಒಮ್ಮೆಲೇ ಮೇಲೆ ಬೀಳುವುದಿಲ್ಲ. ಕೈಗೆ ನಿಲುಕುವಷ್ಟೇ ಬರುತ್ತವೆ. ಐನೂರು ಜನರ ಊರಿಗೆ ಕಸದ ಚಿಂತೆ, ಐದು ಸಾವಿರಕ್ಕೆ ಬಸ್ಸಿನ ಚಿಂತೆ, ಐವತ್ತು ಸಾವಿರಕ್ಕೆ ಮೆಟ್ರೋ ಚಿಂತೆ. ಕೆಲಸವೂ ಕೌಶಲವೂ ಸಮಸಮವಾಗಿ ಏರುವಾಗ ಮನುಷ್ಯ ಹೊತ್ತು ಮರೆತು ಮುಳುಗುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ವಿವರಿಸಿದ ಸ್ಥಿತಿ ಇದೇ. ಒಂದು ವೃತ್ತ ಸರಿಮಾಡಿದ ಕೂಡಲೇ ದಟ್ಟಣೆ ಮುಂದಿನ ವೃತ್ತಕ್ಕೆ ಸರಿದಿರುತ್ತದೆ, ಅದನ್ನೂ ಸರಿಮಾಡಿ ಮಲಗೋಣ ಅನ್ನಿಸುತ್ತದೆ. ಕೆಲವು ಪೆಟ್ಟುಗಳು ವರ್ಷಗಟ್ಟಲೆ ತಡವಾಗಿ ಬರುತ್ತವೆ. ಒಂದೇ ಸಲ ದೊಡ್ಡ ಬಡಾವಣೆ ಮಾಡಿ ಒಂದೇ ವಯಸ್ಸಿನ ಸಾವಿರಾರು ಜನರನ್ನು ತುಂಬಿದರೆ ಅವರೆಲ್ಲ ಒಂದೇ ಕಾಲಕ್ಕೆ ಮುದಿಯಾಗಿ ಒಂದೇ ಕಾಲಕ್ಕೆ ಸಾಯುತ್ತಾರೆ. ಶವವಾಹನಗಳು ಸಾಲದೆ ಊರು ಸ್ತಬ್ಧವಾಗುತ್ತದೆ. ಆಟಗಾರರು ಇದನ್ನು ಸಾವಿನ ಅಲೆ ಎನ್ನುತ್ತಾರೆ. ಊರು ಸಾವಕಾಶವಾಗಿ ಬೆಳೆಯಬೇಕು ಎಂಬುದನ್ನು ಅವರು ಕಲಿಯುವುದು ಹೀಗೆ.

ಮೂರನೆಯದು ಕೈಯಾರೆ ಮಾಡಿದ್ದರ ಮೇಲಿನ ಮಮತೆ. ಬೀದಿಗೆ, ಬಡಾವಣೆಗೆ, ಬಸ್ ಮಾರ್ಗಕ್ಕೆ ತಾವೇ ಹೆಸರಿಡಬಹುದು. ಕ್ಯಾಮೆರಾವನ್ನು ಕೆಳಕ್ಕಿಳಿಸಿದರೆ ಯಾರೋ ಒಬ್ಬಳು ಮನೆ ಬಿಟ್ಟು, ನಿಲ್ದಾಣದಲ್ಲಿ ಕಾದು, ಕೆಲಸಕ್ಕೆ ಹೋಗುವುದು ಕಾಣುತ್ತದೆ. ಕಟ್ಟುವುದನ್ನು ನಿಲ್ಲಿಸಿ ಸುಮ್ಮನೆ ಸಂಜೆಯ ದೀಪಗಳನ್ನು ನೋಡುತ್ತಾ ಕೂರುವವರು ಬಹಳ.

ನೆಲದಡಿಯ ಕೆಲಸವೇ ಊರನ್ನು ಉಳಿಸುವುದು ಎಂಬ ಅರಿವು ಈ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದು ಇಕ್ಕಟ್ಟಾದ ಕೇರಿಗಳನ್ನು ಬರಿದು ಮಾಡಿತು. 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಗಿ ಅಗಲ ಬೀದಿಗಳ, ಗಾಳಿಬೆಳಕಿನ ಹೊಸ ಬಡಾವಣೆಗಳು ಬಂದವು. ಮನೆಗಳ ಹಿಂದೆ ಹಾದುಹೋಗುವ ಸಣ್ಣ ಓಣಿಗಳನ್ನು ಮೈಸೂರಿನವರು ಇವತ್ತಿಗೂ ಕನ್ಸರ್ವೆನ್ಸಿ ಎನ್ನುತ್ತಾರೆ. ಮಲ, ಕಸ ಸಾಗಿಸುವ ಕೆಲಸ ಮುಂಬೀದಿಗೆ ಕಾಣದಿರಲಿ ಎಂದು ಮಾಡಿದ ದಾರಿಗಳು ಅವು. ಅಲ್ಲಿ ದುಡಿದವರೂ ಕಾಣದೆ ಉಳಿದರು. ಟ್ರಸ್ಟ್ ಬೋರ್ಡಿನ ಕೆಲಸ 1980ರ ದಶಕದ ಕೊನೆಗೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಕೈಸೇರಿತು. ಮುಡಾ ಸೈಟು, ಥರ್ಟಿ ಫಾರ್ಟಿ, ಕಾರ್ನರ್ ಸೈಟು ಎಂಬ ಮಾತುಗಳು ಮನೆಮಾತಾದವು. ನಂಜನಗೂಡು ರಸ್ತೆಯ ಬದಿಯ ಹೊಲಗಳಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು ಕಂಡರೆ ಅಲ್ಲೊಂದು ಲೇಔಟ್ ಏಳಲಿದೆ ಎಂದರ್ಥ. ಮಾರಾಟದ ಕರಪತ್ರದ ಮೇಲೆ ಪಾರ್ಕು ಹಸಿರು, ಸೈಟು ಹಳದಿ. ಆಟದ ಪರದೆಯಲ್ಲಿ ಜಾಗಗಳಿಗೆ ಹಚ್ಚುವ ಬಣ್ಣಗಳನ್ನು ನೋಡಿದ ಕನ್ನಡದ ಹುಡುಗನಿಗೆ ಆ ಕರಪತ್ರದ ಪರಿಚಯ ಮೊದಲೇ ಇರುತ್ತದೆ.

ಆದರೆ ಆಟದ ಬಣ್ಣಗಳ ಹಿಂದಿನ ವಿಂಗಡಣೆ ಅಮೆರಿಕದ ಕಾನೂನಿನಿಂದ ಬಂದದ್ದು. ವಾಸಕ್ಕೆ ಒಂದು ವಲಯ, ವ್ಯಾಪಾರಕ್ಕೆ ಇನ್ನೊಂದು, ಕೈಗಾರಿಕೆಗೆ ಮತ್ತೊಂದು ಎಂಬ ಕಟ್ಟುನಿಟ್ಟಿನ ವಿಂಗಡಣೆಯನ್ನು 'ಸಿಮ್‌ಸಿಟಿ' ನಗರದ ಸಹಜ ನಿಯಮವೆಂಬಂತೆ ಜಗತ್ತಿಗೆಲ್ಲ ಹಂಚಿತು. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಹಿಟ್ಟಿನ ಗಿರಣಿ ಇರುವ ನಂಜನಗೂಡಿನ ರಥಬೀದಿಯಂಥದನ್ನು ಆ ಆಟದಲ್ಲಿ ಕಟ್ಟಲು ಆಗುತ್ತಿರಲಿಲ್ಲ. 'ಸಿಟೀಸ್: ಸ್ಕೈಲೈನ್ಸ್'ನ ಮೂಲ ಆಟದಲ್ಲೂ ಆಟೋ ಇಲ್ಲ, ಸಂತೆ ಇಲ್ಲ, ರಥ ಬರುತ್ತದೆಂದು ರಸ್ತೆ ಬಿಡುವ ದಿನ ಇಲ್ಲ. ಒಂದು ಮಹಡಿಯಲ್ಲಿ ಅಂಗಡಿ, ಉಳಿದವುಗಳಲ್ಲಿ ಮನೆ ಎಂಬ ಮಿಶ್ರ ಬಳಕೆ ಬಂದದ್ದು 2023ರ ಎರಡನೇ ಆವೃತ್ತಿಯಲ್ಲಿ. ಆಟದ ಅಧಿಕೃತ ಭಾಷೆಗಳಲ್ಲಿ ಕನ್ನಡವೂ ಇಲ್ಲ. ಅಮೆರಿಕದ ನಗರದ ವಿಷಯದಲ್ಲೂ ಮುಚ್ಚುಮರೆಗಳಿವೆ. 2013ರ 'ಸಿಮ್‌ಸಿಟಿ'ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡ್, ನಿಜವಾದ ಪಾರ್ಕಿಂಗ್ ಜಾಗಗಳ ಅಳತೆ ನೋಡಿ ಬೆರಗಾಗಿ, ಹಾಗೇ ತೋರಿಸಿದರೆ ಆಟವೆಲ್ಲ ಪಾರ್ಕಿಂಗೇ ಆದೀತೆಂದು ಅವನ್ನು ನೆಲದಡಿ ಇವೆಯೆಂದು ಭಾವಿಸಿಕೊಂಡದ್ದಾಗಿ ಹೇಳಿದ್ದಾರೆ. ಫಾರೆಸ್ಟರ್ ಅವರ ಸಮೀಕರಣಗಳಿಂದಲೂ ವಿವಾದ ಎದ್ದಿತ್ತು: ಬಡವರಿಗೆ ಮನೆ ಕಟ್ಟಿಕೊಟ್ಟರೆ ನಗರ ಇನ್ನಷ್ಟು ಸೊರಗುತ್ತದೆ ಎಂಬ ಅವರ ನಿರ್ಣಯಕ್ಕೆ, ನಗರದ ಹೊರವಲಯವನ್ನೇ ಲೆಕ್ಕದಿಂದ ಬಿಟ್ಟದ್ದು ಕಾರಣ ಎಂದು ಟೀಕಾಕಾರರು ತೋರಿಸಿದರು.

ಎಲ್ಲಕ್ಕಿಂತ ದೊಡ್ಡ ಮರೆವು ನೆಲದ್ದು. ಆಟದ ನೆಲ ಖಾಲಿ ನೆಲ. ತಾಂಡವಪುರದ ನಕ್ಷೆಯನ್ನು ಆಟಕ್ಕೆ ತಂದಾಗ ಏರುತಗ್ಗು ಬರುತ್ತದೆ, ಊರು ಬರುವುದಿಲ್ಲ. ಗದ್ದೆ, ಗುಂಡುತೋಪು, ಮಾರಿಗುಡಿ, ಸ್ಮಶಾನ ಬರುವುದಿಲ್ಲ. ಪಹಣಿಯಲ್ಲಿ ಹೆಸರಿರುವವರಿಲ್ಲ, ಹೆಸರಿಲ್ಲದೆ ಉಳುತ್ತಿರುವವರೂ ಇಲ್ಲ. ನಿಜವಾದ ಕೈಗಾರಿಕಾ ಪ್ರದೇಶ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಮೂಲಕ ಏಳುತ್ತದೆ. 28(1)ರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, 28(4)ರ ಅಂತಿಮ ಅಧಿಸೂಚನೆ, ಪರಿಹಾರದ ದರ, ಜಮೀನು ಕೊಟ್ಟ ಮನೆಗೊಂದು ಕೆಲಸ ಎಂಬ ಬೇಡಿಕೆ. ಎಕರೆಗೆಷ್ಟು ಎಂಬ ಒಂದು ಪ್ರಶ್ನೆಯಲ್ಲೇ ಹಳ್ಳಿಯ ಹತ್ತು ವರ್ಷ ಕಳೆದುಹೋಗಬಹುದು. ಆಟದಲ್ಲಿ ಇದೆಲ್ಲ ಹಳದಿ ಬಣ್ಣದ ಒಂದು ಎಳೆತ. ಆಟಕ್ಕೆ ಆ ಸರಾಗ ಬಂದದ್ದೇ ಅಲ್ಲಿ ಮೊದಲೇ ಯಾರೂ ಇಲ್ಲದ್ದರಿಂದ. ಹಳೆಯದರ ಮೇಲೆ ಹೊಸದು ಕೂರುವ ಬಗೆಯೂ ಅಲ್ಲಿಲ್ಲ. ನಂಜನಗೂಡಿನಲ್ಲಿ ಕಬಿನಿಗೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲುಸೇತುವೆಯ ಮೇಲೆ ಎತ್ತಿನಗಾಡಿ, ಬಸ್ಸು ಓಡಿ, ರೈಲೂ ಓಡಿತು. ಆಟದ ಸೇತುವೆಯನ್ನು ಸಾಮಾನ್ಯವಾಗಿ ಅಳಿಸಿ ಹೊಸದನ್ನು ಎಳೆಯುತ್ತಾರೆ. 2018, 2019ರ ಮಳೆಗಾಲಗಳಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮುಳುಗಿ ಸಂಚಾರ ನಿಂತಿತು. ಅಂಥ ದಿನ ಆಟಗಾರ ಹಿಂದಿನ ಸೇವ್‌ಗೆ ಮರಳಬಹುದು. ದಂಡೆಯ ಮನೆಯವರು ಪಾತ್ರೆ ಹೊತ್ತು ಶಾಲೆಯ ಕಟ್ಟಡಕ್ಕೆ ಹೋಗಬೇಕು.

ಈ ಮರೆವನ್ನು ಆಟಗಾರರೇ ಎತ್ತಿ ತೋರಿಸಿದ್ದೂ ಉಂಟು. ಫಿಲಿಪೀನ್ಸಿನ ವಾಸ್ತುಶಿಲ್ಪ ವಿದ್ಯಾರ್ಥಿ ವಿನ್ಸೆಂಟ್ ಒಕಾಸ್ಲಾ, ವರ್ಷಗಟ್ಟಲೆ ಲೆಕ್ಕ ಹಾಕಿ 'ಸಿಮ್‌ಸಿಟಿ 3000'ದಲ್ಲಿ ಸುಮಾರು 60 ಲಕ್ಷ ಜನರ 'ಮ್ಯಾಗ್ನಸಾಂಟಿ' ಎಂಬ ನಗರ ಕಟ್ಟಿದರು. ಒಂದೂ ರಸ್ತೆಯಿಲ್ಲ, ಎಲ್ಲೆಲ್ಲೂ ಪೊಲೀಸು, ಜನರ ಆಯುಸ್ಸು ಕಡಿಮೆ, ಆದರೆ ಜನಸಂಖ್ಯೆಯ ಅಂಕಿ ಅತ್ಯುತ್ತಮ. ಅಂಕಿಯನ್ನೇ ಗುರಿಯಾಗಿಟ್ಟುಕೊಂಡ ಯೋಜನೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಚಿತ್ರ ಸಿಗುವುದು ಕಷ್ಟ. 'ಫ್ರಾಸ್ಟ್‌ಪಂಕ್' (2018) ಆ ಪ್ರಶ್ನೆಯನ್ನು ಆಟದ ಒಳಗೇ ತಂದಿತು: ಹಿಮದಲ್ಲಿ ಸಿಕ್ಕ ಊರನ್ನು ಉಳಿಸಲು ಮಕ್ಕಳನ್ನು ದುಡಿಮೆಗೆ ಹಚ್ಚಬೇಕೇ ಎಂದು ಅದು ಕೇಳುತ್ತದೆ. ಅತ್ತ 'ಟೌನ್‌ಸ್ಕೇಪರ್'ನಂಥ ಆಟ ದುಡ್ಡು, ಜನ, ತೆರಿಗೆ ಎಲ್ಲವನ್ನೂ ಬಿಟ್ಟು ನೀರಿನ ಮೇಲೆ ಬಣ್ಣದ ಮನೆಗಳನ್ನಷ್ಟೇ ಜೋಡಿಸಲು ಬಿಡುತ್ತದೆ, ಗೊಂಬೆಯ ಮೆಟ್ಟಿಲ ಕೆಳಗಿನ ಊರಿನ ಹಾಗೆ.

ನಿರ್ವಹಣೆಯ ಆಟಗಳ ಇನ್ನೊಂದು ಕವಲು ಸಂತೋಷವನ್ನು ದುಡ್ಡಿಗೆ ಕಟ್ಟಿತು. ಅದಕ್ಕೂ ಮೊದಲು ಬಂದ ಕ್ರಿಸ್ ಸಾಯರ್ ಅವರ 'ಟ್ರಾನ್ಸ್‌ಪೋರ್ಟ್ ಟೈಕೂನ್' (1994), 'ರೋಲರ್‌ಕೋಸ್ಟರ್ ಟೈಕೂನ್' (1999) ಕುಶಲಿಯೊಬ್ಬನ ಕೈಕೆಲಸಗಳು. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದ 'ಫಾರ್ಮ್‌ವಿಲ್' ಬೇರೆ ದಾರಿ ಹಿಡಿಯಿತು. ಬಿತ್ತಿದ ಬೆಳೆ ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಒಣಗುತ್ತಿತ್ತು. ಗೆಳೆಯರನ್ನು ಕರೆತಂದರೆ ಲಾಭ. ಕಾಯಲಾಗದವರು ದುಡ್ಡು ಕೊಡಬಹುದು. ಅದರ ಸಂಸ್ಥೆ ಜಿಂಗಾ 2010ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. 2020ರ ಕೊನೆಯ ದಿನ ಆ ಆಟ ನಿಂತರೂ ಅದು ಕಲಿಸಿದ ರೂಢಿ ಮೊಬೈಲಿನ 'ಕ್ಲ್ಯಾಷ್ ಆಫ್ ಕ್ಲ್ಯಾನ್ಸ್', 'ಸಿಮ್‌ಸಿಟಿ ಬಿಲ್ಡ್‌ಇಟ್'ಗಳಲ್ಲಿ ಉಳಿಯಿತು. ಮನೆ ಏಳಲು ಇಂತಿಷ್ಟು ಗಂಟೆ, ಬೇಗ ಬೇಕಾದರೆ ಇಂತಿಷ್ಟು ರೂಪಾಯಿ. ಕಾರಣ–ಪರಿಣಾಮ ಕಾಣುವ ಸುಖದ ಜಾಗದಲ್ಲಿ ಇಲ್ಲಿ ಕಾಯಿಸುವ ಗಡಿಯಾರ ಬಂದು ಕುಳಿತಿದೆ. ಅಗ್ಗದ ಡೇಟಾ ಬಂದ ಮೇಲೆ ಹಳ್ಳಿಯ ಮಕ್ಕಳ ಕೈಗೆ ಮೊದಲು ಸಿಕ್ಕಿದ್ದು ಈ ಕವಲೇ ಎಂಬುದು ನೋವಿನ ಸಂಗತಿ. ಪೂರ್ತಿ ಆಟಗಳಿಗೆ ಒಳ್ಳೆಯ ಕಂಪ್ಯೂಟರು ಬೇಕು.

ಆಟವನ್ನು ಜನರ ಊರಿಗೆ ಮರಳಿಸುವ ಯತ್ನಗಳೂ ನಡೆದಿವೆ. 2012ರಿಂದ ವಿಶ್ವಸಂಸ್ಥೆಯ ಹ್ಯಾಬಿಟಾಟ್ ವಿಭಾಗ 'ಮೈನ್‌ಕ್ರಾಫ್ಟ್' ತಯಾರಕರ ಜೊತೆಗೂಡಿ 'ಬ್ಲಾಕ್ ಬೈ ಬ್ಲಾಕ್' ಯೋಜನೆಯಲ್ಲಿ ನೈರೋಬಿ, ಮುಂಬಯಿ ಮೊದಲಾದೆಡೆ ಸ್ಥಳೀಯರಿಂದಲೇ ತಮ್ಮ ಮೈದಾನ, ಬೀದಿಗಳನ್ನು ಪರದೆಯ ಮೇಲೆ ಕಟ್ಟಿಸಿತು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ಕೆಲಸ ಬೆಂಗಳೂರಿನ ಲಾಭರಹಿತ ಸಂಸ್ಥೆ ಫೀಲ್ಡ್ಸ್ ಆಫ್ ವ್ಯೂ ಅವರದು. ಅವರ 'ಸಿಟಿ ಗೇಮ್'ನಲ್ಲಿ ಒಬ್ಬ ಮೇಯರ್ ಇರುವುದಿಲ್ಲ. ಸುತ್ತ ಸೇರಿದವರೆಲ್ಲ ಒಂದೇ ನಗರವನ್ನು ಕಟ್ಟುತ್ತಾರೆ. ಒಬ್ಬರ ರಸ್ತೆ ಇನ್ನೊಬ್ಬರ ಪಾರ್ಕನ್ನು ಸೀಳುವಾಗ ಮಾತು ಏಳುತ್ತದೆ; ಕಂಪ್ಯೂಟರಿನ ಖಾಲಿ ನೆಲದಲ್ಲಿ ಕೇಳದ ದನಿ ಇಲ್ಲಿ ಪಕ್ಕದಲ್ಲೇ ಕುಳಿತಿರುತ್ತದೆ. ಅವರದೇ 'ರಬ್ಬಿಶ್' ಎಂಬ ಹಲಗೆಯಾಟದಲ್ಲಿ ಆಡುವವರು ಬೆಂಗಳೂರಿನ ಒಣಕಸ ಸಂಗ್ರಹ ಕೇಂದ್ರಗಳ ನಿರ್ವಾಹಕರು. ಬಂದ ಕಸವನ್ನು ಬೇರ್ಪಡಿಸಿ, ಮಾರಿ, ಕೂಲಿ ಕೊಟ್ಟು, ಕೇಂದ್ರ ಮುಚ್ಚದಂತೆ ನೋಡಿಕೊಳ್ಳಬೇಕು.